ಹದಿನೇಳನೆಯ ಸಾಲು

ಕ್ಲಾಕ್ಸ್‌ವಿಕ್ ಬಂದರು ಕಚೇರಿ. ರಾತ್ರಿ ಎರಡೂವರೆ.
ಸುನ್ವಾ ಫೈರ್‌ವಾಲಿನ ನಿಯಮ ಓದುತ್ತಾಳೆ
ಮೇಲಿಂದ ಕೆಳಕ್ಕೆ, ಅದು ಓದುವ ಹಾಗೆಯೇ:
ಮೊದಲು ಹೊಂದಿದ ಸಾಲಿನದೇ ಕೊನೆಯ ಮಾತು.
ಕೆಳಗಿನ ಸಾಲು ಎಷ್ಟು ನ್ಯಾಯ ಹೇಳಿದರೂ
ಕೇಳುವವರಿಲ್ಲ.

ಒಂದರಲ್ಲಿ ಮೀನಿನ ಹರಾಜಿಗೆ ದಾರಿ.
ಒಂಬತ್ತು, ಯಾರೋ ಅವಸರಕ್ಕೆ ತೆರೆದು
ಮುಚ್ಚಲು ಮರೆತದ್ದು. ಮುಚ್ಚಿದಳು.
ಹದಿನೇಳು: ಒಂದು ವಿಳಾಸ, ಒಂದು ಪೋರ್ಟು, ‘ಬಿಡು’.
ಪಕ್ಕದಲ್ಲಿ ಟಿಪ್ಪಣಿ: ಬಾಯ್ನಿರನನ್ನು ಕೇಳಿ.

ಬಾಯ್ನಿರ್ ತೀರಿಕೊಂಡು ಮೂರು ಚಳಿಗಾಲ.

ಅಳಿಸಿದಳು.
ಇನ್ನು ಆ ವಿಳಾಸಕ್ಕೆ ಕಟ್ಟಕಡೆಯ ಸಾಲೇ ಗತಿ:
ಉಳಿದದ್ದೆಲ್ಲ ಕೈಬಿಡು.
‘ಇಲ್ಲ’ ಅಂತಲೂ ಅನ್ನದು ಅದು;
ತಟ್ಟಿದವರಿಗೆ ಒಳಗೆ ಯಾರಾದರೂ ಇದ್ದಾರೋ
ಮನೆಯೇ ಇಲ್ಲವೋ ತಿಳಿಯದು.

ಮೂರೂ ಹತ್ತಕ್ಕೆ ಲಾಗಿನಲ್ಲಿ ಒಂದು ತಟ್ಟು.
ಮೂರು ಸೆಕೆಂಡು ಬಿಟ್ಟು ಇನ್ನೊಂದು.
ಆರು ಬಿಟ್ಟು. ಹನ್ನೆರಡು ಬಿಟ್ಟು.
ಇಷ್ಟು ಸಂಕೋಚದಿಂದ ಯಾವ ಕಳ್ಳನೂ ಬಾಗಿಲು ಬಡಿಯುವುದಿಲ್ಲ.

ಹಳೆಯ ಕಡತ ಕೆದಕಿದಳು. ಸ್ವೀನೋಯ್ ದ್ವೀಪದ ಕಟ್ಟೆಯ ಮೇಲೆ
ಅಲೆ ಅಳೆಯುವ ಒಂದು ಪೆಟ್ಟಿಗೆ.
ದಿನಕ್ಕೊಮ್ಮೆ ಒಂದು ಅಂಕಿ ಹೇಳಿ ಮಲಗುತ್ತದಂತೆ.

ಸಾಲು ಮರಳಿತು, ಅದೇ ಜಾಗಕ್ಕೆ.
ಟಿಪ್ಪಣಿ ತಿದ್ದಿದಳು: ‘ಕಡಲು.’
ಬಾಯ್ನಿರನ ಹೆಸರಿಗೆ ಕೈ ಹಚ್ಚಲಿಲ್ಲ.

ಮುಂದಿನ ತಟ್ಟಿಗೆ ಅಂಕಿ ಬಂತು:
ಎರಡೂ ಮುಕ್ಕಾಲು ಮೀಟರು.