ಒಬ್ಬಳಿಗೆ ಕಾಟು

ಡಂಡೀಯಲ್ಲಿ, ಎಂಟನೇ ಮಹಡಿ. ಲಿಫ್ಟು ಕೆಟ್ಟಿತ್ತು.
ಮೂವತ್ತೆಂಟು ಕಿಲೋ ಕಪಾಟು
ರಟ್ಟಿನ ಡಬ್ಬದಲ್ಲಿ ಚಪ್ಪಟೆ ಮಲಗಿಕೊಂಡು
ನನ್ನ ಬೆನ್ನೇರಿ ಬಂತು.
ಗಂಟೆಗೆ ಹದಿನೆಂಟು ಪೌಂಡು ನನ್ನ ದರ,
ಮೆಟ್ಟಿಲಿಗೆ ಬೇರೆ ಲೆಕ್ಕವಿಲ್ಲ.

ಬಾಗಿಲು ತೆರೆದವಳು ಸೆಂಗಾ ಮಕ್‌ಫೀ.
ಐವತ್ತೆಂಟು ಇರಬಹುದು. ಒಂದು ಕಾಲಿಗೆ ಮಾತ್ರ ಚಪ್ಪಲಿ;
ಇನ್ನೊಂದು, ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ
ಸಂದಿಯಲ್ಲಿ ಒತ್ತು ನಿಂತಿತ್ತು.

ಇಲ್ಲಿ ಕೌನ್ಸಿಲಿನವರು ಮನೆ ಕೊಡುತ್ತಾರೆ,
ನೆಲ ಕೊಡುವುದಿಲ್ಲ.
ಹಿಂದಿದ್ದವರ ಕಾರ್ಪೆಟ್ಟು ಕಿತ್ತು, ಪರದೆಯ ಸರಳು ಕಿತ್ತು,
ಬಲ್ಬನ್ನೂ ಬಿಚ್ಚಿ,
ಬೀಗದ ಕೈ ಎಣಿಸಿ ಕೊಡುತ್ತಾರೆ.
ಬರಿ ಸಿಮೆಂಟು. ಅಲ್ಲಲ್ಲಿ ಹಳೇ ಅಂಟಿನ ಕಪ್ಪು.
ಆಡಿದ ಮಾತು ಗೋಡೆ ಮುಟ್ಟಿ ವಾಪಸು ಬರುತ್ತದೆ
ಬಾಕಿ ಕೇಳಲು ಬಂದವನ ಹಾಗೆ.

ಕೂತ್ಕೋ ನೀನು, ಅಂದೆ.
ಯಾವುದರ ಮೇಲೆ, ಅಂದಳು.

ಹನ್ನೊಂದು ತಿಂಗಳು ತಂಗಿಯ ಸೋಫಾದಲ್ಲಿ ಮಡಚಿಕೊಂಡಿದ್ದವಳು.
ಅದಕ್ಕೂ ಮುಂಚಿನ ಮನೆಯಲ್ಲಿ ಓಕ್ ಮರದ ಬೀರು ಇತ್ತಂತೆ,
ಅತ್ತೆಯದು, ಆರು ಆಳು ಹೊರುವಂಥದು.
ಇಪ್ಪತ್ತಾರು ವರ್ಷ ಅದಕ್ಕೆ ಜೇನುಮೇಣ ತಿಕ್ಕಿದ್ದು ಈ ಕೈ;
ಕೀಲಿ ಮಾತ್ರ ಯಾವತ್ತೂ ಇನ್ನೊಬ್ಬರ ಜೇಬಿನಲ್ಲಿ.
‘ಇದನ್ನಾದರೆ ಬಿಚ್ಚಿ ಒಯ್ಯಬಹುದು, ಅಲ್ಲವಾ?’
ನಿಜ ಹೇಳಿದೆ: ಎರಡು ಸಲ ತಡೆಯುತ್ತದೆ.
ಮೂರನೆಯ ಸಲ ಒಳಗಿನ ಹೊಟ್ಟು ಉದುರಿ
ಸ್ಕ್ರೂವಿನ ಹಲ್ಲಿಗೆ ಕಚ್ಚಲು ಏನೂ ಸಿಗುವುದಿಲ್ಲ.
‘ಎರಡು ಸಲ ಸಾಕು,’ ಅಂದಳು.

ಕಾಗದ ಹರಡಿದೆ. ಅಕ್ಷರವಿಲ್ಲದ ಕಾಗದ,
ಯಾವ ದೇಶದವರಿಗೂ ಅಷ್ಟೇ ಅರ್ಥ, ಅಷ್ಟೇ ಗೊಂದಲ.
ಮೊದಲ ಚಿತ್ರದಲ್ಲಿ ಗುಂಡು ತಲೆಯ ಒಂದು ಜೀವ,
ಒಂಟಿ, ಬಾಯಿ ಕೆಳಗೆ ಬಾಗಿ, ಮೈಮೇಲೆ ಕಾಟು.
ಪಕ್ಕದಲ್ಲಿ ಇಬ್ಬರು. ನಗುತ್ತಿದ್ದಾರೆ. ಕಾಟಿಲ್ಲ.

ಬಹಳ ಹೊತ್ತು ನೋಡಿದಳು.
‘ಇದು ನನ್ನನ್ನು ನೋಡೇ ಬರೆದದ್ದು.’
ನನ್ನ ಕಿವಿಯ ಮೇಲಿನ ಪೆನ್ಸಿಲು ತೆಗೆದು
ಕಾಟು ಬಿದ್ದ ಆ ಒಂಟಿಗೆ
ಒಂದು ಕಾಲಿಗೆ ಚಪ್ಪಲಿ ತೊಡಿಸಿದಳು.
ಆಮೇಲೆ ಮಂಡಿಯೂರಿ, ಹಲಗೆಯ ಆ ತುದಿ ಹಿಡಿದು,
‘ಹೂಂ, ತಿರುಗಿಸು’ ಅಂದಳು.

ಹದಿನಾಲ್ಕನೆಯ ಚಿತ್ರದಲ್ಲಿ ತಪ್ಪು ಕಂಡಿತು:
ಮೂರನೆಯ ಅರೆ ತಿರುಗುಮುರುಗು,
ನಯದ ಅಂಚು ಹಿಂದೆ, ಹೊಟ್ಟು ಕಾಣುವ ಒರಟು ಮುಂದೆ.
ತಪ್ಪು ನನ್ನದೇ. ಬಿಚ್ಚಿದರೆ ಒಂಬತ್ತು ಹೆಜ್ಜೆ ಹಿಂದಕ್ಕೆ.
ಬೆರಳಾಡಿಸಿದಳು. ‘ಇರಲಿ ಬಿಡು.
ಒಳಗೇನಿದೆ ಅಂತ ಹೇಳುವ ಸಾಮಾನು
ಮನೆಯಲ್ಲಿ ಒಂದಾದರೂ ಇರಲಿ.’

ನಿಲ್ಲಿಸಿದೆವು. ಸ್ವಲ್ಪ ಎಡಕ್ಕೆ ವಾಲಿತು;
ಕಪಾಟಲ್ಲ, ನೆಲ ವಾಲಿದ್ದು. ರಟ್ಟು ಮಡಚಿ ಕಾಲಿಗೆ ಕೊಟ್ಟೆ.
ಮಿಕ್ಕ ರಟ್ಟನ್ನು ಅವಳು ಕಿಟಕಿಯಿಂದ ಒಲೆಯವರೆಗೆ ಹಾಸಿ
ಮೇಲೆ ನಡೆದು ನೋಡಿದಳು. ಮಾತು ಕೊಂಚ ತಗ್ಗಿತು.

ಒಂದು ಚಹಾ ಡಬ್ಬಿ, ಒಂದು ರೇಡಿಯೋ,
ಪತ್ರಿಕೆಯಲ್ಲಿ ಸುತ್ತಿದ ಮೂರು ಬಟ್ಟಲು.
ಕದ ಹಾಕಿದಳು, ತೆರೆದಳು, ಹಾಕಿದಳು.
‘ಬೀಗವೇ ಇಲ್ಲ ಇದಕ್ಕೆ!’
ದೂರೋ ಅಂದುಕೊಂಡೆ. ಮತ್ತೆ ತೆರೆದಳು.

ಒಂದು ಬೋಲ್ಟು ಉಳಿದಿತ್ತು. ಯಾವಾಗಲೂ ಉಳಿಯುತ್ತದೆ.
ಕೇಳುವ ಮೊದಲೇ ಜೇಬಿಗಿಳಿಸಿದೆ;
ಮನೆಯಲ್ಲಿ ಇಂಥವುಗಳದೇ ಒಂದು ಜಾಡಿ ತುಂಬುತ್ತಿದೆ,
ಎಲ್ಲೋ ಊರತುಂಬ ಅಷ್ಟು ಕಪಾಟುಗಳು
ನನ್ನ ಹೆಸರು ಗೊತ್ತಿಲ್ಲದೆ ನಿಂತಿವೆ.

ಕೆಳಗೆ ವ್ಯಾನಿನಲ್ಲಿ ರಸೀದಿ ಬರೆಯಲು ಕಿವಿ ಮುಟ್ಟಿದೆ:
ಪೆನ್ಸಿಲಿಲ್ಲ.
ಟೇ ನದಿಯ ಗಾಳಿ ಕನ್ನಡಿ ಅಲ್ಲಾಡಿಸುತ್ತಿತ್ತು.
ತಲೆಯೆತ್ತಿದರೆ, ಪರದೆಯಿಲ್ಲದ ಆ ಕಿಟಕಿಯಲ್ಲಿ
ಅವಳು ಅತ್ತ ಹೋದಳು, ಇತ್ತ ಬಂದಳು.
ಇಷ್ಟು ದೂರಕ್ಕೆ ಕಾಲು ಕಾಣುವುದಿಲ್ಲ.
ಆದರೂ, ಎರಡಕ್ಕೂ ಚಪ್ಪಲಿ ಇದ್ದಿರಬೇಕು.
ನಾನು ಬರುವಾಗ ಬಾಗಿಲು ಮುಚ್ಚಿಕೊಂಡಳಲ್ಲ.