ಆರು ಕ್ಲಿಪ್ಪು

ಶನಿವಾರದ ಮೊದಲ ಗಾಡಿಗೆ ಮಡಗಾವಿಗೆ ಹೊರಡುತ್ತೇನೆ,
ತೊಡೆಯ ಮೇಲೆ ತಗಡಿನ ಪೆಟ್ಟಿಗೆ.
ಪಕ್ಕದವರು ಕೇಳುತ್ತಾರೆ: ಪ್ಲಂಬರಾ?
ಅಲ್ಲ, ಸ್ಟೈಲಿಸ್ಟ್. ಕಲಿಯುತ್ತಿದ್ದೇನೆ.
ಹಾಗಾದರೆ ಕಟಿಂಗಿಗೆ ಎಷ್ಟು?
ಅಷ್ಟರಲ್ಲಿ ಕಾಳಿ ನದಿಯ ಸೇತುವೆ,
ಗಾಡಿಯ ಸದ್ದು ಬದಲಾಗಿ
ನನ್ನ ಉತ್ತರ ನೀರಿಗೆ.

ಪೆಟ್ಟಿಗೆಯಲ್ಲಿ ಮೂರು ಅಳತೆಯ ಪಿನ್ನು,
ಎರಡೂ ಮೈ ಅಂಟುವ ಟೇಪು,
ಬೂಟಿನ ಅಟ್ಟೆಗೆ ಹಚ್ಚುವ ಕಾಗದಪಟ್ಟಿ
(ಸಂಜೆ ಅಂಗಡಿಗೆ ವಾಪಸು ಕೊಡಬೇಕಲ್ಲ,
ಯಾರೋ ನಡೆದದ್ದು ಗೊತ್ತಾಗಬಾರದು),
ಮತ್ತೆ ಆರು ಕಬ್ಬಿಣದ ಕ್ಲಿಪ್ಪು.

ಡೆಲ್ಫಿನಾ ಮಿಸ್ಸು ಮೊದಲ ದಿನವೇ ಹೇಳಿದ್ದು:
ಕ್ಯಾಮೆರಾ ಯಾರ ಬೆನ್ನನ್ನೂ ಕೇಳುವುದಿಲ್ಲ.
ದೊಗಲೆ ಅಂಗಿಯನ್ನು ಹಿಂದಿನಿಂದ ಹಿಡಿದು ಕಚ್ಚಿಸು,
ಮುಂದೆ ಅಳೆದು ಹೊಲಿಸಿದ ಹಾಗೆ.
ಅಂದಿನಿಂದ ನನಗೊಂದು ಚಾಳಿ.
ಗ್ರೀನ್ ಸ್ಟ್ರೀಟಿನ ಫ್ಲೆಕ್ಸುಗಳಲ್ಲಿ ಕೈಮುಗಿದು ನಗುವವರ
ಹಿಂದೆ ಹೋಗಿ ನಿಲ್ಲುತ್ತೇನೆ.
ಬರೀ ಬಿದಿರು, ಸುತಳಿ.

ಈ ಸಲದ ಅಸೈನ್‌ಮೆಂಟು:
ಮಾಡೆಲ್ ಅಲ್ಲದವರು ಒಬ್ಬರು. ಅವರದೇ ಬಟ್ಟೆ.
ಒಂದೇ ಒಂದು ವಸ್ತು ಕಡ ತರಬಹುದು.
ಮುಕ್ತಾ ಮಾವಶಿಯನ್ನು ಕೇಳಿದೆ,
ಮೀನು ಮಾರ್ಕೆಟ್ಟು, ಮೂರನೆಯ ಸಾಲು, ನಲ್ಲಿಯ ಪಕ್ಕ.
ಅವಳಿಗೂ ಫೋಟೋ ಬೇಕಿತ್ತು.
ಮಾರುವ ಹೆಂಗಸರ ಸಂಘಕ್ಕೆ ಚುನಾವಣೆ,
ಎದುರು ನಿಂತವಳು ನಾದಿನಿ.

"ಅವಳಿಗಿಂತ ದುಬಾರಿ ಕಾಣಬಾರದು, ಬಾಳಾ.
ಕಷ್ಟ ಅಂದರೆ ಸಾಲ ಕೊಡುವವಳ ಹಾಗೆ ಕಾಣಬೇಕು,
ಆದರೆ ಕೇಳುವುದಕ್ಕೆ ಸ್ವಲ್ಪ ಹೆದರಿಕೆಯೂ ಆಗಬೇಕು."
ಬಣ್ಣಚಕ್ರದ ಹಾಳೆ ಮಡಚಿ ಕಿಸೆಗಿಟ್ಟೆ.

ಟ್ರಂಕಿನಿಂದ ಬಂತು ಎಲೆಹಸಿರು ಸೀರೆ, ಸಾಸಿವೆ ಅಂಚು,
ನುಸಿಗುಳಿಗೆಯ ವಾಸನೆ.
ರವಿಕೆ ಕಾಮಾಲೆಗೆ ಮೊದಲಿನದು,
ಮೈ ಇಳಿದಿತ್ತು, ರವಿಕೆ ಇಳಿದಿರಲಿಲ್ಲ.
ಬೆನ್ನಿನ ಹಿಂದೆ ಮಂಡಿಯೂರಿ ಒಂದೊಂದೇ ಕಚ್ಚಿಸಿದೆ.
ಏಡಿ ಹಿಡಿದ ಹಾಗಿದೆ ಎಂದಳು, ಅಲುಗಾಡಲಿಲ್ಲ.
ಕಡ ತಂದ ಓಲೆ ಮಾತ್ರ ಬಿಚ್ಚಿ ಕೈಗಿಟ್ಟಳು:
"ಇದನ್ನು ಇಟ್ಟುಕೊಂಡರೆ
ನನ್ನ ವೋಟು ನನಗೇ ಬೀಳುವುದಿಲ್ಲ."

ಬೈತಖೋಲದ ಐಸ್ ಕಾರ್ಖಾನೆಯ ನೀಲಿ ಗೋಡೆ ನಾನು ಆರಿಸಿದ್ದು.
ಹೊತ್ತು ಆರಿಸಿದ್ದು ಅವಳು.
"ಹನ್ನೊಂದರ ಬಿಸಿಲಿಗೆ ಹಿಡಿದ ಬಂಗುಡೆಯೂ
ನಿನ್ನೆಯದು ಕಾಣುತ್ತದೆ. ಏಳಕ್ಕೆ ಬಾ."
ಏಳಕ್ಕೆ ಹೋದೆ.
ಹದಿನೇಳು ಸಲ ಒತ್ತಿದೆ.
ಹದಿನೆಂಟನೆಯದಕ್ಕೆ ಅವಳು ಹಾದುಹೋಗುವ ಐಸಿನ ಲಾರಿಯನ್ನು
ರೇಟು ಕೇಳುವ ಕಣ್ಣಿನಲ್ಲಿ ನೋಡಿದಳು.
ಅದೇ ಆಯಿತು.

ಬೋಟು ಬಂತು ಎಂದು ಫೋನು.
ಬುಟ್ಟಿ ಎತ್ತಿಕೊಂಡು ನಡೆದೇಬಿಟ್ಟಳು
ಬೆನ್ನಿನಲ್ಲಿ ಆರು ಕ್ಲಿಪ್ಪು ಹೊತ್ತು.
ನಾನು ಹಿಂದೆ ಓಡಿದೆ, ಮಾವಶೀ, ಮಾವಶೀ,
ಸಾಲಿಗೆ ಸಾಲೇ ನಗುತ್ತಿತ್ತು, ನಾದಿನಿಯೂ ಸೇರಿ.
ಬೆನ್ನು ಮುಟ್ಟಿ ನೋಡಿಕೊಂಡಳು, ತಿರುಗಲಿಲ್ಲ.
"ಇರಲಿ ಬಿಡು,
ಹಿಂದೆ ಕೂತವರಿಗೂ ಏನಾದರೂ ಕಾಣಬೇಕಲ್ಲ."

ಫೋಟೋದ ಕೆಳಗೆ ಡೆಲ್ಫಿನಾ ಮಿಸ್ಸು ಕೆಂಪು ಶಾಯಿಯಲ್ಲಿ ಬರೆದರು:
ಇಲ್ಲಿ ಸ್ಟೈಲಿಂಗ್ ಕಾಣುವುದಿಲ್ಲ.
ಹೊಗಳಿದರೋ, ಅಂಕ ಕಳೆದರೋ?
ಲೋಲೆಯಿಂದ ಅಸ್ನೋಟಿಯ ತನಕ ಆ ಸಾಲನ್ನು
ತಿರುಗಿಸಿ ಮುರುಗಿಸಿ ನೋಡಿದೆ,
ಸುರಂಗದೊಳಗೂ.

ಮಾವಶಿ ಎರಡು ವೋಟಿಗೆ ಸೋತಳು.

ಮರುವಾರ ಕ್ಲಿಪ್ಪು ಮರಳಿಸಿದಳು,
ಸೋಪು ಹಾಕಿ ತೊಳೆದು, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ.
ಎಣಿಸಿದರೆ ಐದು.
ಆರನೆಯದು ಅವಳ ಮಡಿಲಲ್ಲಿ,
ಹತ್ತರ, ಇಪ್ಪತ್ತರ ಒದ್ದೆ ನೋಟುಗಳನ್ನು
ಕಚ್ಚಿ ಹಿಡಿದು ಕೂತಿತ್ತು.
ನಾನು ನೋಡುವುದನ್ನು ನೋಡಿ ಅಂದಳು:
ಗಾಳಿ ಜೋರಿದೆ, ಬಾಳಾ.