ಕುರ್ಚಿ ಲೆಕ್ಕ

ಮುನ್ನೂರು ಕುರ್ಚಿ ಹೇಳಿದ್ದ, ಮುನ್ನೂರೂ ಇಳಿಸಿದೆ.
ಬೆಟಗೇರಿ, ಸಾಲಿ ಬಯಲು, ಆಷಾಢದ ಕಡೀ ವಾರ.
ಲಗ್ನ ಇಲ್ಲ, ಮೆರವಣಿಗಿ ಇಲ್ಲ,
ಬ್ಯಾಂಡಿನವರ ಕೆಂಪು ಕೋಟು
ಟ್ರಂಕಿನಾಗ ಡಾಂಬರಗುಳಿಗಿ ವಾಸನಿ ಕುಡಕೋತ ಮಲಗೋ ಕಾಲ.
"ಹುಟ್ಟಿದಾಗಿಂದ ನಡಕೋತ ಬಾರಿಸೇವಿ,
ಒಂದ ಸಲ ಕುಂತು ಕೇಳೋರ ಮುಂದ ನಿಂತು ಬಾರಿಸಬೇಕು"
ಅಂದಿದ್ದ ಹುಲಿಗೆಪ್ಪ ಭಜಂತ್ರಿ.
ಕರಪತ್ರ ತಾನ ಹಂಚಿದ್ದ, ಟಾಂಗಾಕೂಟದ ತನಕ.

ಏಳೂವರಿ ಆತು. ಬಂದವರು ಏಳು.
ಇಸ್ತ್ರಿ ಚನ್ನವೀರಪ್ಪ, ಅವನ ಬೆನ್ನಿಗೆ ಆತುಕೊಂಡ ಮೊಮ್ಮಗಳು,
ನರಸಾಪುರದ ಇಬ್ಬರು ನೇಕಾರರು,
ಮುಂಡರಗಿ ಬಸ್ ತಪ್ಪಿಸಿಕೊಂಡ ಯಾರೋ ಮಾಸ್ತರ,
ಸಾಲಿ ವಾಚಮನ್ (ಅವನ್ನ ಎಣಿಸಬೇಕೋ ಬ್ಯಾಡೋ),
ಮತ್ತ ಬಸಲಿಂಗವ್ವ.
"ನನ್ನ ಲಗ್ನದಾಗ ಇವರ ಬಾರಿಸಿದ್ದು" ಅಂದ್ಲು,
"ಅವತ್ತ ನನ್ನ ಕಿವಿಗೆ ಒಂದ ಸ್ವರಾನೂ ಬಿದ್ದಿಲ್ಲ."

ಬ್ಯಾಂಡಿನವರು ಹದಿನಾರು.
ಹುಲಿಗೆಪ್ಪ ಸ್ಟೇಜಿನ ಮ್ಯಾಲಿಂದ ಖಾಲಿ ಕುರ್ಚಿ ನೋಡಿದ,
ಆಮ್ಯಾಲೆ ನನ್ನ ನೋಡಿದ.
ಬಾಡಿಗಿ ಇಳಸು ಅಂತಾನ ಅಂತ
ನಾ ಬಾಯಾಗ ಉತ್ತರ ಜೋಡಿಸಿಕೊಂಡೆ.
"ಹತ್ತ್ರ ತಗೋಳ್ರಿ ಕುರ್ಚಿ" ಅಂದ, ಅಷ್ಟ.
ಹದಿನಾರೂ ಮಂದಿ ಕೆಳಗ ಇಳದು ಮಣ್ಣಿನ ಮ್ಯಾಲೆ ನಿಂತ್ರು.

ಮೊದಲಿನ ಹತ್ತು ನಿಮಿಷ ಅವರ ಕಾಲು ಸುಮ್ಮನಿರಲಿಲ್ಲ,
ನಿಂತಲ್ಲೇ ನಡೀತಿದ್ವು.
ಹಿಂದ ಕುದುರಿ ಇಲ್ಲ, ಮದುಮಗ ಇಲ್ಲ,
ಹಲ್ಲಾಗ ನೋಟು ಕಚ್ಚಿ ಕುಣಿಯೋ ಸೋದರಮಾವ ಇಲ್ಲ.
ಎಲ್ಲಿಗೆ ಹೋಗಬೇಕು ತಿಳೀದ ಕಾಲು.
ಭೀಮಪಲಾಸ ಹಿಡದ ಮ್ಯಾಲೆ ನಿಂತ್ವು.

ಅದನ್ನ ಹೆಂಗ ಹೇಳ್ಲಿ. ನಾ ಶಾಮಿಯಾನದ ಮನಶ್ಯಾ.
ಜಿನ್ನಿಂಗ್ ಮಿಲ್ಲಿನಾಗ ಕಿಟಕಿ ಬಿಸಲಿಗೆ ಅರಳಿ ಏಳತದಲ್ಲ,
ಕೆಳಗ ಬೀಳೋದು ಮರತಂಗ,
ಕ್ಲಾರಿನೆಟ್ ಹಂಗ ಎದ್ದಿತು.
ರಾಜೇಸಾಬ ಭಾಳ ಹೊತ್ತು ಟ್ರಂಪೆಟ್ ಊದಲೇ ಇಲ್ಲ,
ತುಟಿಗಿಟ್ಟುಕೊಂಡು ಕಾದ, ಕಾದ,
ಆಮ್ಯಾಲೆ ಒಂದ ಸ್ವರ ಇಟ್ಟ,
ಬೀಗರು ತುಂಬಿದ ಮನ್ಯಾಗ
ಮಲಗಿದ ಕೂಸಿನ ಬಾಜೂಕ ಕಾಲಿಟ್ಟಂಗ.

ಇಪ್ಪತ್ತೆರಡು ವರ್ಷ ಬಾಡಿಗಿ ಕುರ್ಚಿ ಹೊತ್ತೇನಿ,
ಒಂದರ ಮ್ಯಾಲೂ ಕುಂತಿದ್ದಿಲ್ಲ.
ಕುಂತೆ.

ಹನಿ ಸುರುವಾತು. ಯಾರೂ ಏಳಲಿಲ್ಲ.
ಹುಲಿಗೆಪ್ಪ ಕೋಟು ಬಿಚ್ಚಿ ದೊಡ್ಡ ಡ್ರಮ್ಮಿಗೆ ಹೊದಿಸಿ
ಬನೀನಿನ ಮ್ಯಾಲೇ ಊದಿದ.
ಕೋಟಿನ ಕೆಳಗಿಂದ ಆ ಡ್ರಮ್ಮು
ದೂರದ ಓಣ್ಯಾಗ ಯಾರೋ ಬಾಗಲಾ ಬಡದಂಗ,
ತಗೀತಾರ ಅಂತ ಗೊತ್ತಿದ್ದು ಬಡದಂಗ.

ಮುಗದಾಗ ಎಂಟ ಮಂದಿ ಚಪ್ಪಾಳಿ ಭಾಳ ಸಣ್ಣದಾಗತಿತ್ತೇನೋ,
ಹೊಡೀಲಿಲ್ಲ.
ಮಾಸ್ತರ ಎದ್ದು ಒಬ್ಬೊಬ್ಬರ ಕೈ ಹಿಡಕೋತ ಬಂದ,
ಹದಿನಾರೂ ಮಂದೀದು, ಝಾಂಜ್ ಹುಡುಗಂದೂ.

ಕುರ್ಚಿ ಪೇರಿಸುವಾಗ ನೋಡಿದೆ:
ಎಲ್ಲಾ ತೊಯ್ದಿದ್ವು,
ಎಂಟರ ನಡುವ ಮಾತ್ರ ಒಣಾ ಗುರುತು.
ಕುರ್ಚಿಗೆ ಆರು ರೂಪಾಯಿ. ಹುಲಿಗೆಪ್ಪ ಮುನ್ನೂರರದೂ ಎಣಿಸಿದ,
ಹತ್ತರ ನೋಟು, ಯಾರ್ಯಾರದೋ ಲಗ್ನದಾಗ ನೆಲದಿಂದ ಆರಿಸಿದ್ದು.
ತಗೊಂಡೆ. ಸುಳ್ಳು ಯಾಕ ಹೇಳ್ಲಿ, ನನ್ನ ಗಾಡಿಗೂ ಡೀಸೆಲ್ ಬೇಕು.
ಎಂಟು ಕುರ್ಚೀದು ನಲವತ್ತೆಂಟು ಹೊಳ್ಳಿ ಕೊಟ್ಟೆ.
"ಖಾಲಿ ಇದ್ದವುಕ್ಕ ತಗೊಂಡು ಕುಂತವುಕ್ಕ ಬಿಟ್ಟಿ?"
ನಕ್ಕ ಹುಲಿಗೆಪ್ಪ, ಮೂಗಿನ ತುದೀಗೆ ಮಳಿ ಹನಿ.

ಈಗ ಚಾದಂಗಡ್ಯಾಗ ಕುಂತ್ರ
ಆ ರಾತ್ರಿ ನಾನೂ ಇದ್ನಿ ಅನ್ನೋರು ವರ್ಷಾ ಹೆಚ್ಚಾಗ್ತಾರ.
ನಾ ಎಣಿಸಿದಂಗ ನಾನೂರು ದಾಟೇತಿ,
ನನ್ನ ಕುರ್ಚಿ ಸಾಲೂದಿಲ್ಲ.
ಮೊನ್ನೆ ಕಟಿಂಗ್ ಅಂಗಡ್ಯಾಂವ ಒಬ್ಬ
ಕೋಟಿನ ಕೆಳಗಿನ ಡ್ರಮ್ಮಿನ ಸಪ್ಪಳಾ ಬಾಯಿಲೇ ಮಾಡಿ ತೋರಿಸಿದ.
ಸರಿಯಾಗೇ ಮಾಡಿದ.
ಬಂದಿದ್ದಿಲ್ಲ ಅಂವ, ನನಗ ಪಕ್ಕಾ ಗೊತ್ತು.
ಆದ್ರ ಸಾಲಿ ಗ್ವಾಡಿಗೆ ಹಚ್ಚೇ ಅವನ ಮನಿ.
ಗ್ವಾಡಿ ಆಚಿಗಿನ ಲೆಕ್ಕ ನಾ ಇಟ್ಟಿಲ್ಲ.